ಬೆಚ್ಚಗಿನ ಗೋಡೆ

ಕೊಯ್‌ಹೈಕೆಯಲ್ಲಿ ಜುಲೈ ಅಂದರೆ ನಡುಚಳಿಗಾಲ; ಭೂಮಿಯ ದಕ್ಷಿಣ ತುದಿಯ ಊರದು. ಮೂಗು ಇನ್ನೂ ಮುಖದ ಮೇಲಿದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳುವಂಥ ಚಳಿ. ಮನೆಗಳೆಲ್ಲ ಮರದವು, ಒಲೆಗಳೆಲ್ಲ ಸೌದೆಯವು. ಅಂಥ ಊರಲ್ಲಿ ಬೆಂಕಿಯ ವಿಷಯಕ್ಕೆ ಡಾನ್ ಉಬಾಲ್ದೊ ಹೇಳಿದ್ದೇ ಕೊನೆಯ ಮಾತು. (ಅಲ್ಲಿ ಹಿರಿಯರನ್ನು ಮರ್ಯಾದೆಗೆ ಡಾನ್ ಅಂತಲೇ ಕರೆಯುವುದು.) ಹೊಟ್ಟೆಪಾಡಿಗೆ ಬಡಗಿ, ಆದರೆ ಮೂವತ್ತೊಂದು ವರ್ಷದಿಂದ ಅಗ್ನಿಶಾಮಕ ದಳದ ಸ್ವಯಂಸೇವಕ. ಅಲ್ಲಿ ಬೆಂಕಿ ಆರಿಸುವವರಿಗೆ ಸಂಬಳ ಗಿಂಬಳ ಇಲ್ಲ. ಸೈರನ್ ಕೂಗಿತೆಂದರೆ ಉಣ್ಣುವ ತಟ್ಟೆ ಬಿಟ್ಟು ಓಡುವುದು, ಅಷ್ಟೇ. ಆರಿಸಿದ ಮೇಲೆ ಬೂದಿ ಕೆದಕಿ, ಬೆಂಕಿ ಯಾಕೆ ಹತ್ತಿತು ಅಂತ ಹೇಳುವವನೂ ಅವನೇ. ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು, ಯಾರೂ ಎದುರಾಡುತ್ತಿರಲಿಲ್ಲ. ಆ ಮಾತಿನ ತೂಕವೊಂದೇ ಮನುಷ್ಯ ಜೀವಮಾನದಲ್ಲಿ ಗಳಿಸಿದ ಆಸ್ತಿ. ಅದರ ಜಂಬವೂ ಅವನಿಗೆ ಬೇಕಾದಷ್ಟಿತ್ತು ಅನ್ನಿ.

ಮನೆ ಅವನ ಹೆಂಡತಿ ನೆಲ್ದಾಳ ಅಜ್ಜ ಕಟ್ಟಿದ್ದು. ಎಪ್ಪತ್ತು ವರ್ಷದ ಹಲಗೆಗಳು; ಗಾಳಿ ಬಾಗಿಲು ತಟ್ಟುವ ತೊಂದರೆಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ, ಸಂದಿಯಲ್ಲೇ ಒಳಗೆ ಬರುತ್ತಿತ್ತು. ಆ ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ಒಂದೇ ಗೋಡೆ, ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನದು. ಹನ್ನೊಂದು ವರ್ಷದ ಹಿಂದೆ ಉಬಾಲ್ದೊ ಒಲೆಯ ಹೊಗೆಕೊಳವೆಯನ್ನು ಆ ಗೋಡೆಯ ಒಳಗಿಂದಲೇ ಚಾವಣಿಗೆ ಹತ್ತಿಸಿದ್ದ. ಕೊಳವೆಯ ಸುತ್ತ ಹಲಗೆಗಳಿಗೆ ಸತುವಿನ ತಗಡು ಹೊಡೆದಿದ್ದ. ಹೊಗೆ ಮೇಲೆ ಹೋಗುತ್ತದೆ, ಬಿಸಿ ಎರಡೂ ಕೋಣೆಗೆ ಸಿಗುತ್ತದೆ. ನೆಲ್ದಾ ಸೊಂಟನೋವಿಗೆ ಮಂಚವನ್ನು ಆ ಗೋಡೆಗೇ ಒತ್ತಿಸಿ ಹಾಕಿಕೊಂಡಿದ್ದಳು. ಮನೆಗೆ ಬಂದ ನೆಂಟರು ಮೊದಲು ಅಂಗೈ ಇಡುತ್ತಿದ್ದದ್ದೂ ಅಲ್ಲಿಗೇ.

ಹಳೇ ಮನೆಗಳನ್ನು ಬೆಚ್ಚಗೆ ಮಾಡಿಕೊಡುವ ಸರ್ಕಾರದ ಯೋಜನೆಗೆ ನೆಲ್ದಾ ಅರ್ಜಿ ಹಾಕಿ ಮೂರು ಚಳಿಗಾಲ ಕಾದಿದ್ದಳು. ಕೊನೆಗೂ ಒಂದು ಮಂಗಳವಾರ ಬೆಳಿಗ್ಗೆ ಖಾವಿಯೆರಾ ಅನ್ನುವ ಹುಡುಗಿ ಬಂದಳು, ಮನೆ ಪರೀಕ್ಷೆ ಮಾಡಿ ಯೋಜನೆ ಹಾಕುವವಳು. ಮುಂಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ ಎಲ್ಲೆಲ್ಲಿ ಗಾಳಿ ಸೋರುತ್ತದೆ ಅಂತ ನೋಡಿದಳು. ಅಟ್ಟ ಹತ್ತಿದಳು, ನೆಲದಡಿ ತೂರಿದಳು, ಮೊಣಕೈಗೆ ಜೇಡರಬಲೆ ಅಂಟಿಸಿಕೊಂಡು ಎದ್ದು ಬಂದಳು. ಆಮೇಲೆ ಅಡುಗೆಮನೆಯಲ್ಲಿ ಸೋರೆಬುರುಡೆಯಲ್ಲಿ ‘ಮಾತೆ’ ಅನ್ನುವ ಎಲೆಯ ಕಷಾಯ ಕುಡಿಯುತ್ತ, ಎಣ್ಣೆಯಲ್ಲಿ ಕರಿದ ರೊಟ್ಟಿ ತಿನ್ನುತ್ತ ಹೇಳತೊಡಗಿದಳು. ಮೊದಲು ಅಟ್ಟಕ್ಕೆ ಉಣ್ಣೆಯ ಹಾಸು, ಆಮೇಲೆ ನೆಲ, ಆಮೇಲೆ ಜೋಡಿ ಗಾಜಿನ ಕಿಟಕಿ, ಕೊನೆಗೆ ಹೊರಗೋಡೆಗಳಿಗೆ ಹೊದಿಕೆ. ಒಲೆಯನ್ನು ಬದಲಾಯಿಸಿ ಕೊಳವೆಯನ್ನು ಗೋಡೆಯಿಂದ ಹೊರಗೆ ತೆಗೆದು ನೆಟ್ಟಗೆ ಮೇಲಕ್ಕೆ ಒಯ್ಯಬೇಕು ಅಂತಲೂ ಅಂದಳು.

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ಉಬಾಲ್ದೊ ಕಷಾಯದ ಸೋರೆಬುರುಡೆಯನ್ನು ಮೇಜಿನ ಮೇಲೆ ಕುಕ್ಕಿದ.

"ಬೇಕಾದ್ರೆ ಮನೇನೇ ತಲೆಕೆಳಗು ಮಾಡು ಮಗಳೇ. ಆ ಗೋಡೆ ಮಾತ್ರ ಮುಟ್ಟಬೇಡ."

ಈ ಮನೇಲಿ ಕೆಲಸ ಮಾಡ್ತಿರೋ ಗೋಡೆ ಅಂದ್ರೆ ಅದೊಂದೇ, ನಿನ್ನ ಯೋಜನೆಗೆ ಅದರಿಂದ ಉಳಿತಾಯವೇ ಹೊರತು ನಷ್ಟ ಇಲ್ಲ ಅಂತ ವಾದ ಹೂಡಿದ. ನೆಲ್ದಾ ನಡುವೆ ಬಾಯಿ ಹಾಕಿ, ನಮ್ಮ ಯಜಮಾನರಿಗೆ ನನ್ನನ್ನು ಕಟ್ಟಿಕೊಂಡಿದ್ದಕ್ಕಿಂತ ಆ ಗೋಡೆ ಕಟ್ಟಿದ್ದೇ ಹೆಚ್ಚು ಹೆಮ್ಮೆ, ಬಿಟ್ಟುಬಿಡಮ್ಮ ಅಂತ ನಕ್ಕಳು. ಖಾವಿಯೆರಾ ಜಗಳಕ್ಕೆ ಹೋಗಲಿಲ್ಲ. ವರದಿಗೆ ಎಲ್ಲ ಗೋಡೆಗಳ ಶಾಖದ ಚಿತ್ರ ಬೇಕು, ಅದೊಂದು ತೆಗೆದುಕೊಳ್ಳುತ್ತೇನೆ ಅಂದಳು. ತೆಗಿ, ತೆಗಿ, ನಿಮ್ಮ ಮೇಲಿನವರಿಗೂ ತೋರಿಸು ಅಂತ ಉಬಾಲ್ದೊ ತಾನೇ ಮುಂದೆ ನಡೆದ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಬೇರೆ ಗೋಡೆಗಳೆಲ್ಲ ನೀಲಿ. ಈ ಗೋಡೆ ಮಂಚದ ಮಟ್ಟದಲ್ಲಿ ಹಳದಿ, ಅದರ ಮೇಲೆ ಕಿತ್ತಳೆ. ಉಬಾಲ್ದೊನ ಮುಖ ಅರಳಿತು. ಖಾವಿಯೆರಾ ಕ್ಯಾಮೆರಾವನ್ನು ಇನ್ನೂ ಮೇಲಕ್ಕೆತ್ತಿದಳು, ಯಾರ ಅಂಗೈಯೂ ಮುಟ್ಟದ ಎತ್ತರಕ್ಕೆ. ಅಲ್ಲಿ, ಉಬಾಲ್ದೊನ ಮೂವತ್ತು ವರ್ಷದ ಸೇವೆಗೆ ದಳದವರು ಕೊಟ್ಟ ಸನ್ಮಾನಪತ್ರ ನೇತುಹಾಕಿದ್ದ ಜಾಗದಲ್ಲಿ, ಪರದೆ ಬೆಳ್ಳಗಾಯಿತು. ತೊಂಬತ್ತಾರು. ನೂರಾ ನಾಲ್ಕು. ನೂರಾ ಹದಿನೆಂಟು ಡಿಗ್ರಿ.

ಅವಳು ಕುರ್ಚಿ ಹತ್ತಿ ಸನ್ಮಾನಪತ್ರವನ್ನು ಕೆಳಗಿಳಿಸಿದಳು. ಚೌಕಟ್ಟಿನ ಹಿಂಬದಿಯ ರಟ್ಟು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಅದರ ಹಿಂದಿನ ಹಲಗೆ ಕಂದು ಬಣ್ಣ ದಾಟಿ ಕಪ್ಪಾಗಿತ್ತು.

"ಡಾನ್ ಉಬಾಲ್ದೊ, ಒಲೆಗೆ ಇನ್ನು ಸೌದೆ ಹಾಕಬೇಡಿ. ಎಲ್ಲಾರೂ ಹೊರಗೆ ನಡೀರಿ."

ತಗಡಿದೆ, ಒಳಗೆಲ್ಲ ತಗಡು ಹೊಡೆದಿದ್ದೀನಿ ಅಂತ ಅವನು ಮತ್ತೆ ಮತ್ತೆ ಹೇಳುತ್ತಲೇ ಇದ್ದ. ಹುಡುಗಿ ಕೇಳಿಸಿಕೊಳ್ಳದೆ ಫೋನು ಕಿವಿಗಿಟ್ಟು ಅಂಗಳಕ್ಕೆ ಹೋದಳು. ನೆಲ್ದಾ ಗಂಡನ ತೋಳು ಹಿಡಿದು ಎಳೆದಳು. ನಗುತ್ತಿದ್ದ ಬಾಯಿ ಅವಳದು, ಈಗ ಬಿಗಿದು ಹೋಗಿತ್ತು.

ಅಂಗಳದಲ್ಲಿ ನಿಂತು ಎರಡು ನಿಮಿಷ ಆಗಿತ್ತೋ ಇಲ್ಲವೋ, ಊರಿನ ಸೈರನ್ ಕೂಗಿತು. ಉಬಾಲ್ದೊನ ಕಾಲುಗಳು ತಮ್ಮಷ್ಟಕ್ಕೆ ಗೇಟಿನ ಕಡೆ ಓಡಿದವು. ಮೂವತ್ತೊಂದು ವರ್ಷದ ಅಭ್ಯಾಸ ನೋಡಿ. ಒಂದು ಕೈ ಆಗಲೇ ಜಾಕೀಟಿನ ತೋಳಿಗೆ ಹೋಗಿತ್ತು. ಸೊಂಟದ ರೇಡಿಯೋ ಗರಗರ ಅಂದು ಬೀದಿಯ ಹೆಸರು ಹೇಳಿತು, ಮನೆ ಸಂಖ್ಯೆ ಹೇಳಿತು. ಎರಡೂ ಅವನ ಮನೆಯವೇ. ಜಾಕೀಟು ಒಂದೇ ತೋಳಿನಲ್ಲಿ ನೇತಾಡುತ್ತಿದ್ದ ಹಾಗೆಯೇ ಅವನು ತನ್ನ ಗೇಟಿನಲ್ಲಿ ನಿಂತುಬಿಟ್ಟ.

ಬಂದವರೆಲ್ಲ ಅವನ ಕೈಯಲ್ಲಿ ಪಳಗಿದವರು. ದಳದ ಕ್ಯಾಪ್ಟನ್ ಮನ್ಸಿಯಾನಿಗೆ ನೀರಿನ ಪೈಪು ಹಿಡಿಯುವುದನ್ನು ಹೇಳಿಕೊಟ್ಟವನೇ ಉಬಾಲ್ದೊ. ಆ ಮನ್ಸಿಯಾ ಇವತ್ತು ಗುರುವಿನ ಮುಖ ನೋಡದೆ ಒಳಗೆ ಹೋಗಿ, ಹಾರೆಕೋಲು ಹಾಕಿ ಗೋಡೆಯ ಮೇಲಿನ ಹಲಗೆ ಮೀಟಿದ. ಉಬಾಲ್ದೊ ಹಿಂದೆಯೇ ನಿಂತಿದ್ದ. ಹೊರಗಿರಿ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ತಗಡು ಹೊಸದರಂತೆಯೇ ಹೊಳೆಯುತ್ತಿತ್ತು. ಅದರ ಹಿಂದೆ ಮರವೇ ಇರಲಿಲ್ಲ, ಇದ್ದಿಲಿತ್ತು. ಕಂಬಗಳು ಬಿರುಕು ಬಿಟ್ಟು ಅರ್ಧಕ್ಕೆ ಸವೆದಿದ್ದವು. ಗಾಳಿ ತಗುಲಿದ್ದೇ ತಡ, ಒಂದು ಕಂಬದ ಅಂಚಿನಲ್ಲಿ ಕೆಂಪು ಗೆರೆಯೊಂದು ಹರಿದಾಡಿತು. ಮನ್ಸಿಯಾ ನೀರು ಬಿಟ್ಟ. ಅದರ ನೇರ ಕೆಳಗೇ ನೆಲ್ದಾಳ ದಿಂಬಿತ್ತು.

ತಗಡು ಬಿಸಿಯನ್ನು ತಡೆಯುವುದಿಲ್ಲ, ಹಿಂದಿನ ಮರಕ್ಕೆ ದಾಟಿಸುತ್ತದೆ. ವರ್ಷಗಟ್ಟಲೆ ಬೆಂದ ಮರ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಇದನ್ನು ರಾಜಧಾನಿಯಿಂದ ಬಂದ ಒಬ್ಬ ಅಧಿಕಾರಿ ಐದು ವರ್ಷದ ಹಿಂದಿನ ತರಬೇತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದ. ಅವನೇನು ಸೌದೆ ಒಡೆದವನೇ, ಪುಸ್ತಕದ ಹುಳು ಅಂತ ಹಿಂದಿನ ಸಾಲಿನಲ್ಲಿ ಕೂತು ಗೇಲಿ ಮಾಡಿದವನು ಉಬಾಲ್ದೊ.

ಮನ್ಸಿಯಾ ವರದಿಯ ಹಾಳೆ ತೆಗೆದ. ಪೆನ್ನು ಹಿಡಿದು ನೆಲ ನೋಡುತ್ತ, ಕೊಳವೆ ಕೂರಿಸಿದ್ದು ಯಾರು ಅಂತ ಬರೆಯಬೇಕಲ್ಲ ಅಂತ ಗೊಣಗಿದ. ಉಬಾಲ್ದೊ ತನ್ನ ಪೂರ್ತಿ ಹೆಸರು ಹೇಳಿ ಬರೆಸಿದ.

ಆಗ ನೆಲ್ದಾ ಬಾಗಿಲಿನಿಂದ ಕೇಳಿದಳು, ಮೆಲ್ಲಗೆ.

"ಉಬಾಲ್ದೊ, ಇದೇ ಗೋಡೆ ನೋಡಿ ತಮಗೂ ಬೇಕು ಅಂದೋರಿಗೆಲ್ಲ ಮಾಡಿಕೊಟ್ಟೆಯಲ್ಲ. ಎಷ್ಟು ಮನೆ?"

ನಾಲ್ಕು. ಅವನು ಮೂರು ವಿಳಾಸ ಹೇಳಿದ. ಮನ್ಸಿಯಾ ರೇಡಿಯೋದಲ್ಲಿ ಅವನ್ನು ಕೂಗಿ ಹೇಳಿದ. ಒಂದೊಂದು ಮನೆಗೂ ಹುಡುಗರು ಓಡಿದರು, ಒಲೆ ಆರಿಸಿ ಅಂತ ಹೇಳಲು. ನಾಲ್ಕನೆಯದಕ್ಕೆ ಕ್ಯಾಪ್ಟನ್ ಕಾದು ನಿಂತ.

"ನಾಲ್ಕನೇದು ಈಗಿಲ್ಲ," ಅಂದ ಉಬಾಲ್ದೊ. "ಸುಟ್ಟುಹೋಯ್ತು."

ಮನ್ಸಿಯಾನ ಕೈಯಲ್ಲಿದ್ದ ಪೆನ್ನು ನಿಂತಿತು. ಅವನಿಗೂ ನೆನಪಿತ್ತು, ಅವನೂ ಆ ದಿನ ಅಲ್ಲಿದ್ದವನೇ. ನಾಲ್ಕು ವರ್ಷದ ಹಿಂದೆ ಎದೆಲ್ಮೀರಾ ನೌತೋಳ ಮನೆ ಉರಿದಾಗ ಹಾಸಿಗೆ ಹಿಡಿದಿದ್ದ ಅವಳ ಅಪ್ಪ ಡಾನ್ ಅನನಿಯಾಸ್ ಒಳಗೇ ತೀರಿಕೊಂಡಿದ್ದ. ಹೆಣವನ್ನು ಹೊತ್ತು ತಂದವನು ಉಬಾಲ್ದೊ. ಬೂದಿಯಲ್ಲಿ ಇಸ್ತ್ರಿಪೆಟ್ಟಿಗೆ ಸಿಕ್ಕಿತ್ತು, ಅದರ ಪ್ಲಗ್ಗು ಗೋಡೆಯಲ್ಲೇ ಇತ್ತು. ಅದನ್ನು ಎತ್ತಿ ಹಿಡಿದು, ನೆರೆದ ಜನರೆದುರು, ಇಸ್ತ್ರಿ ಆರಿಸದೆ ಅಂಗಡಿಗೆ ಹೋದೆಯಲ್ಲ ತಾಯಿ, ಇದೇ ಕಾರಣ ಅಂತ ಅವಳಿಗೆ ಹೇಳಿದವನೂ ಅವನೇ. ಆರಿಸಿದ್ದೆ ಅಂತ ಅವಳು ಒಂದೇ ಸಲ ಅಂದಿದ್ದಳು. ಅವನ ಮಾತನ್ನೇ ಬರೆದುಕೊಂಡಿದ್ದರು.

ಅವನು ಜಾಕೀಟನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೊರಟ. ಹಿಮಗಟ್ಟಿದ ಬೀದಿಯಲ್ಲಿ ಒಂಬತ್ತು ಅಡ್ಡರಸ್ತೆ ದಾಟಿ, ಎದೆಲ್ಮೀರಾ ಈಗ ಇರುವ, ತಂಗಿಯ ಹಿತ್ತಲಿನ ಒಂಟಿ ಕೋಣೆಯ ಮುಂದೆ ನಿಂತ. ಅವಳು ಬಾಗಿಲು ತೆಗೆದು, ಇಷ್ಟು ಚಳಿಯಲ್ಲಿ ಬರೀ ಸ್ವೆಟರಿನಲ್ಲಿ ಬಂದಿದ್ದೀರಲ್ಲ, ಒಳಗೆ ಬನ್ನಿ, ನೀರು ಕಾದಿದೆ ಅಂದಳು. ಅವನ ಮೇಲೆ ಅವಳಿಗೆ ಸಿಟ್ಟೇ ಇರಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಕ್ಯಾಮೆರಾ, ತಗಡು, ಇದ್ದಿಲು, ಅವಳ ಮನೆಗೂ ಅದೇ ಕೊಳವೆಯನ್ನು ತಾನೇ ಕೂರಿಸಿದ್ದು, ಡಾನ್ ಅನನಿಯಾಸನ ಹಾಸಿಗೆ ಅದೇ ಗೋಡೆಗಿದ್ದದ್ದು. ಸಾಕ್ಷಿ ಬೂದಿಯಲ್ಲಿ ಹೋಯಿತು, ಆದರೆ ನನಗೆ ಅನುಮಾನ ಉಳಿದಿಲ್ಲ ಅಂದ. ಇವತ್ತು ಸಂಜೆಯೇ ದಳದ ಕಚೇರಿಯಲ್ಲಿ, ಅವತ್ತಿನವರೆಲ್ಲರ ಎದುರು, ಹಳೇ ವರದಿಯ ಮೇಲೆ ನನ್ನ ಹೆಸರು ಬರೆಸುತ್ತೇನೆ ಅಂದ.

ಎದೆಲ್ಮೀರಾ ಕೆಟಲಿನ ಮೇಲೆ ಕೈಯಿಟ್ಟವಳು ಹಾಗೇ ನಿಂತಿದ್ದಳು. ಕೈ ಸುಡುತ್ತಿದೆ ಅಂತ ಅವಳಿಗೆ ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ.

"ಹಾಗಾದ್ರೆ ನಾನು ಆರಿಸಿದ್ದೆ," ಅಂದಳು.

"ನೀನು ಆರಿಸಿದ್ದೆ ತಾಯಿ."

"ನಾಲ್ಕು ವರ್ಷದಿಂದ ಅಪ್ಪನ ಗೋರಿ ಹತ್ರ ಹೋಗಿಲ್ಲ, ಡಾನ್ ಉಬಾಲ್ದೊ. ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂತ."

ಅವಳು ಮೊಳೆಯಿಂದ ಕೋಟು ತೆಗೆದು ತೊಟ್ಟಳು, ತಲೆಗೆ ಉಣ್ಣೆಯ ಟೋಪಿ ಹಾಕಿದಳು, ಒಲೆಯ ಬಾಯಿ ಮುಚ್ಚಿದಳು. ಗೇಟಿನ ಹತ್ತಿರ ಅವನು, ನಾನೂ ಬರಲೇ ಅಂತ ಕೇಳಿದ.

ಬೇಡ ಅಂದಳು ಎದೆಲ್ಮೀರಾ, ಒಬ್ಬಳೇ ಸ್ಮಶಾನದ ದಾರಿ ಹಿಡಿದಳು.