ನನ್ನ ತಲೆಯ ಮೇಲಿನ ಮಣ್ಣು

ನಾನು ಒಂದು ಕಲ್ಲಿನ ಮನೆ, ಒಕ್ಕಲುತನದವರದು. ಗುಡ್ಡದ ಕೆಂಪುಗಲ್ಲು ಒಡೆದು ಹುಚ್ಚಪ್ಪ ಗೌಂಡಿ ನನ್ನನ್ನು ಕಟ್ಟಿದ. ಗೋಡೆ ಎರಡು ಮೊಳ ದಪ್ಪ. ಕಿಟಕಿ ಇಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ, ಅಷ್ಟೇ. ಬಾಗಿಲು ದಾಟಿದರೆ ಎತ್ತುಗಳ ಜಾಗ, ಒಂದು ಮೆಟ್ಟಿಲು ಮೇಲೆ ಮನುಷ್ಯರ ಪಡಸಾಲೆ. ನೆತ್ತಿಗೆ ತೇಗದ ತೊಲೆ, ಜಂತಿ, ಬೇವಿನ ಸೊಪ್ಪು, ಅದರ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು, ಗೇಣು ದಪ್ಪ; ಇದೇ ನನ್ನ ಮಾಳಿಗೆ. ಹೋಗುವಾಗ ಹುಚ್ಚಪ್ಪ ಯಜಮಾನ ಅಡಿವೆಪ್ಪನಿಗೆ ಒಂದೇ ಮಾತು ಹೇಳಿದ: ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವಾಗ ಅಷ್ಟೇ ಹಳೆ ಮಣ್ಣು ಕೆರೆದು ತೆಗೆಯಬೇಕು. ಅಡಿವೆಪ್ಪ ತಲೆಯಾಡಿಸಿದ. ತಲೆಯಾಡಿಸೋದಕ್ಕೇನು ಕಷ್ಟ?

ಕೆರೆದವರು ಯಾರೂ ಇಲ್ಲ. ಈ ಮನೆಯದೊಂದು ಪದ್ಧತಿ. ಸೊಸೆಯಾಗಿ ಬಂದವಳು ತವರಿನ ಹೊಲದಿಂದ ಒಂದು ಬುಟ್ಟಿ ಮಣ್ಣು ತಂದು ಮಾಳಿಗೆಗೆ ಹಾಕಬೇಕು. ಹಾಕಿದ ಮೇಲೆ ಕೆರೆಯೋದು ಹೇಗೆ? ಯಾರ ತವರನ್ನು ಅಂಗಳಕ್ಕೆ ಎಸೆಯೋದು? ಹಾಗಂತ ಬಿಟ್ಟರು. ಅಡಿವೆಪ್ಪ ಹೋದ, ಮಗ ಬಂದ, ಮೊಮ್ಮಗ ಬಂದ. ಗೇಣು ಇದ್ದದ್ದು ಮೊಣಕಾಲು ಮಟ್ಟ ಆಯಿತು. ನನ್ನ ತಲೆಯ ಮೇಲೆ ಆಡು ಮೇಯುತ್ತಿದ್ದವು. ನಾನೇನು ಮನೆಯೋ, ದಿಬ್ಬವೋ?

ಭಾರಕ್ಕೆ ನಡುತೊಲೆ ಬಾಗಿತು. ಬಾಗಿದಲ್ಲಿ ನೀರು ನಿಂತು ಸೋರಿತು. ಸೋರುತ್ತದೆ ಅಂತ ಅಲ್ಲಿಗೇ ಇನ್ನಷ್ಟು ಮಣ್ಣು ಸುರಿದರು. ಇವರ ಬುದ್ಧಿಗೆ ಏನೆನ್ನಲಿ! ಕಡೆಗೆ ತೊಲೆ ಸೀಳಿತು. ಜಾಲಿ ಕಂಬ ಆನಿಸಿ ಕೈ ತೊಳೆದುಕೊಂಡರು.

ಕಿರಿ ಸೊಸೆ ಕಾಶವ್ವನ ಕೂಸಿನ ತೊಟ್ಟಿಲು ಆ ತೊಲೆಗೇ ಕಟ್ಟಿತ್ತು. ಒಂದು ಮಧ್ಯಾಹ್ನ ಕೂಸಿನ ಕಣ್ಣಿಗೆ ಮಣ್ಣು ಉದುರಿತು. ಪಡಸಾಲೆಯ ಇನ್ನೊಂದು ಮೂಲೆಗೆ ಒಯ್ದು ಮಲಗಿಸಿದಳು, ಅಲ್ಲೂ ಉದುರಿತು. ಮಾಳಿಗೆ ಕೆರೆಸೋಣ ಅಂದಳು. ಅತ್ತೆ ದುಂಡವ್ವ ಮುಖ ತಿರುವಿದಳು. ಮೇಲಿರೋದು ಬರೀ ಮಣ್ಣಲ್ಲ, ತನ್ನ ಅವ್ವ ಹೊರಿಸಿ ಕಳಿಸಿದ್ದು, ನಿನ್ನೆ ಮೊನ್ನೆ ಬಂದವಳಿಗೆ ಅದೇನು ಗೊತ್ತು ಅಂತ ಒಂದು ವಾರ ಗೊಣಗಿದಳು.

ಕಾಶವ್ವ ವಾದ ಮಾಡಲಿಲ್ಲ. ಏಣಿ ಹಚ್ಚಿ ಸಲಿಕೆ ಹಿಡಿದು ಹತ್ತಿದಳು.

"ಅತ್ತೀ, ಎಲ್ಲಾರಕಿಂತ ಮ್ಯಾಲೆ ನಂದೇ ಐತಿ. ಮೊದಲ ನಂದ ಚೆಲ್ಲತೀನಿ."

ಚೆಲ್ಲಿದಳು. ಕಣ್ಣೊರೆಸಿಕೊಂಡು ಮತ್ತೆ ಸಲಿಕೆ ಎತ್ತುವಷ್ಟರಲ್ಲಿ ಏಣಿ ಕಿರುಗುಟ್ಟಿತು. ಮೊಣಕಾಲು ನೋವಿನ ದುಂಡವ್ವ, ಸೀರೆ ಕಚ್ಚೆ ಹಾಕಿಕೊಂಡು, ಏದುಸಿರು ಬಿಡುತ್ತ ಮೇಲೆ ಬಂದಿದ್ದಳು.

"ಸರಿ ಅತ್ಲಾಗ. ನಂದು ನೀ ಮುಟ್ಟಬ್ಯಾಡ. ನಾನೇ ತಗೀತೀನಿ."

ಮೂರು ದಿನ ಕೆರೆದರು. ಹೊಸ ತೊಲೆ ಏರಿತು. ನಾನೀಗ ಮುದುಕಿ, ಒಂದು ಗೋಡೆ ಉಬ್ಬಿದೆ, ಇನ್ನೆಷ್ಟು ಮಳೆ ತಡೆಯುತ್ತೇನೋ ಗೊತ್ತಿಲ್ಲ. ಮಾಳಿಗೆ ಕೆರೆಸಿದ್ದು ತಾನೇ ಅಂತ ದುಂಡವ್ವ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ. ಕೆಳಗೆ ಕೂಸು ಕಣ್ಣು ಬಿಟ್ಟುಕೊಂಡು, ಅಂಗಾತ ಮಲಗಿ, ನನ್ನನ್ನೇ ನೋಡುತ್ತದೆ.