ದೊಡ್ಡ ಸ್ಕೂಲಿನ ಆಟ

ಕೊಡಿಗೆಹಳ್ಳಿಯ ಹಳೇ ಊರಿನಲ್ಲಿ ಗಂಗರತ್ನಮ್ಮನವರ ಬಾಯಿಗೆ ಎದುರಾಡಿ ಗೆದ್ದವರಿಲ್ಲ. ಇದ್ದ ಜಮೀನೆಲ್ಲ ಲೇಔಟಾಗಿ, ಮಗ ಅಶ್ವತ್ಥ್ ಬಿಲ್ಡರ್ ಆಗಿ, ಮನೆ ಮೂರಂತಸ್ತಿಗೆ ಏರಿದ ಮೇಲಂತೂ ಅವರನ್ನು ಕೆಣಕುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಉಳಿದಿದ್ದರೆ ಅದು ವಾರಗಿತ್ತಿ ದ್ರೌಪದಮ್ಮನಿಗೆ ಮಾತ್ರ. ಯಲಹಂಕದ ಕಲ್ಯಾಣಮಂಟಪದಲ್ಲಿ, ಬೀಗರ ಊಟದ ಪಂಕ್ತಿಯಲ್ಲಿ, ನಾಲ್ಕು ಜನ ಕೇಳುವ ಹಾಗೆ ಆಕೆ ಶುರುಮಾಡಿದಳು.

"ಅಕ್ಕಾ, ನಿನ್ ಮೊಮ್ಮಗಳು ಈಗ ಯಾವ ಸ್ಕೂಲ್ಗೆ ಓಗ್ತಾವ್ಳೆ?"

"ಇಲ್ಲೇ, ಸಹಕಾರನಗರದಲ್ಲಿ."

"ಬಸ್ ಬತ್ತದಾ?"

"ಅತ್ರ ಅಲ್ವಾ, ನಡ್ಕೊಂಡೇ ಓಗ್ತಾಳೆ."

"ಯೂನಿಫಾರಂ?"

ಗಂಗರತ್ನಮ್ಮ ಮುದ್ದೆ ಮುರಿಯುವುದರಲ್ಲಿ ಮಗ್ನರಾದರು. ದ್ರೌಪದಮ್ಮ ಬಿಡಲಿಲ್ಲ. "ಬಸ್ಸಿಲ್ಲ, ಯೂನಿಫಾರಂ ಇಲ್ಲ ಅಂದ್ರೆ ಅದು ಟ್ಯೂಷನ್ ಕಣಕ್ಕಾ. ನಮ್ ಹುಡುಗನ್ ಸ್ಕೂಲಲ್ಲಿ ಕುದ್ರೆ ಐತೆ, ಗೊತ್ತಾ?"

ಕುದುರೆ ಏನು ಪಾಠ ಮಾಡುತ್ತದೆ ಎಂದು ಕೇಳಬೇಕಿತ್ತು. ಆ ಮಾತು ಗಂಗರತ್ನಮ್ಮನವರಿಗೆ ಹೊಳೆದದ್ದು ಕೈ ತೊಳೆಯುವಾಗ. ಅಷ್ಟರಲ್ಲಿ ಎದುರು ಸಾಲಿನಲ್ಲಿ ಕೂತಿದ್ದ ಅಶ್ವತ್ಥನ ಮುಖ ಕೆಂಪಗಾಗಿತ್ತು. ಕಾರು ಹತ್ತಿದ ಕೂಡಲೇ ಅವನು ಹೇಳಿಬಿಟ್ಟ: "ಅಮ್ಮ, ಸಾಕಿನ್ನು. ಜೂನ್‌ಗೆ ವೇದಾನ ಆ ಕುದುರೆ ಸ್ಕೂಲಿಗೇ ಹಾಕ್ತೀನಿ. ಮ್ಯಾನೇಜ್‌ಮೆಂಟಲ್ಲಿ ನಮ್ಮವರಿದಾರೆ."

ಗಂಗರತ್ನಮ್ಮ ಬೇಡವೇ ಬೇಡ ಎಂದರು. ಏಕೆಂದರೆ ಒಂದು ದೊಡ್ಡ ಸ್ಕೂಲಿನ ರುಚಿಯನ್ನು ವೇದಾ ಆಗಲೇ ನೋಡಿದ್ದಳು. ಬಸ್ಸು, ಟೈ, ಬೆಲ್ಟು, ಈಜುಕೊಳ ಎಲ್ಲ ಇದ್ದ ಸ್ಕೂಲು. ಅಲ್ಲಿಗೆ ಹೋದ ಮೊದಲ ವರ್ಷವೇ ಮಗು ಮಾತು ನಿಲ್ಲಿಸಿತು. ಮೊದಲು ಕ್ಲಾಸಿನಲ್ಲಿ, ಆಮೇಲೆ ಮನೆಯಲ್ಲಿ. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ ಎಲ್ಲ ಸರಿಯಾಗಿದೆ ಎಂದರು. ಗಂಗರತ್ನಮ್ಮ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಏನಾಯಿತು ಎಂದು ಕೇಳಿದರೆ ಮಗು ಗೋಡೆಯ ಕಡೆ ತಿರುಗಿ ಮಲಗುತ್ತಿತ್ತು.

ಕೊನೆಗೆ ಸೊಸೆ ಮೋನಿಕಾ ಎಲ್ಲಿಂದಲೋ ಅಕ್ಷಯಾಳನ್ನು ಹುಡುಕಿ ತಂದಳು. ಬಾಗಲಕೋಟೆ ಕಡೆಯ ಹೆಣ್ಣುಮಗಳು; ಹತ್ತಾರು ವರ್ಷ ದೊಡ್ಡ ಸ್ಕೂಲುಗಳಲ್ಲಿ ದುಡಿದು, ಸಾಕಾಗಿ, ಸಹಕಾರನಗರದಲ್ಲಿ ತಾನಿದ್ದ ಬಾಡಿಗೆ ಮನೆಯ ಹಾಲಿನಲ್ಲೇ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಸ್ಕೂಲು ಶುರುಮಾಡಿದ್ದಳು. ಟೈಲರ್ ಮಗಳು ಸಬಾ, ಅಪಾರ್ಟ್‌ಮೆಂಟಿನ ವಾಚ್‌ಮನ್ ಮಗ, ಕಂಪ್ಯೂಟರ್ ಕಂಪನಿಯವರ ಮಕ್ಕಳು ಎಲ್ಲರಿಗೂ ಅಲ್ಲಿ ಒಂದೇ ಚಾಪೆ. ತಾಸಿನ ಗಂಟೆಯಿಲ್ಲ, ಪ್ರಿನ್ಸಿಪಾಲರಿಲ್ಲ. ಏನೇ ಮಾಡುವುದಿದ್ದರೂ ಮಕ್ಕಳು ಸುತ್ತ ಕೂತು, ಜಗಳವಾಡಿ, ಕೈಯೆತ್ತಿ ತೀರ್ಮಾನಿಸಬೇಕು. ಆ ಚಾಪೆಯ ಮೇಲೆ ಕೂತ ಕೆಲವೇ ವಾರಗಳಲ್ಲಿ ವೇದಾಗೆ ಮಾತು ಬಂತು. ಬಂದದ್ದು ನಿಲ್ಲಲೇ ಇಲ್ಲ. ಈಗ ಸಾರಿಗೆ ಹುಳಿ ಏಕೆ ಕೊನೆಗೆ ಹಾಕಬೇಕು ಎಂಬುದರಿಂದ ಹಿಡಿದು ದೇವರಿಗೆ ಹಲ್ಲು ಯಾರು ಉಜ್ಜುತ್ತಾರೆ ಎಂಬುದರವರೆಗೆ ಅಜ್ಜಿಯ ತಲೆ ತಿನ್ನುತ್ತಿದ್ದಳು. ತಿನ್ನಿಸಿಕೊಳ್ಳುವುದು ಅಜ್ಜಿಗೆ ಪರಮಸುಖವಾಗಿತ್ತು.

"ಒಂದ್ಸಲ ಬಂದು ನೋಡಪ್ಪಾ, ಆಮೇಲ್ ಮಾತಾಡು," ಎಂದು ಗಂಗರತ್ನಮ್ಮ ಕಾರಿನಲ್ಲೇ ಮಗನನ್ನು ಅಂಗಲಾಚಿದರು.

"ಶುಕ್ರವಾರ ಬರ್ತೀನಿ. ಸ್ಕೂಲ್ ಥರ ಕಂಡ್ರೆ ಇರ್ಲಿ. ಇಲ್ಲಾಂದ್ರೆ ಫೈನಲ್."

ಸ್ಕೂಲ್ ಥರ ಕಾಣಬೇಕು, ಅಷ್ಟೇ ತಾನೆ? ಗಂಗರತ್ನಮ್ಮನವರ ತಲೆ ಓಡತೊಡಗಿತು. ಹೆಣ್ಣು ನೋಡಲು ಬಂದವರ ಮುಂದೆ ಅಕ್ಕಪಕ್ಕದ ಮನೆಯ ಸೋಫಾ, ಟೀವಿ ತಂದಿಟ್ಟು ಎಷ್ಟೋ ಹುಡುಗಿಯರನ್ನು ದಾಟಿಸಿದ ಅನುಭವ ಅವರದು. ಮರುದಿನವೇ ಸಬಾಳ ತಾಯಿಗೆ ಹೇಳಿ ಮಕ್ಕಳಿಗೆಲ್ಲ ಕಡುಗೆಂಪು ಟೈ, ಬೆಲ್ಟು ಹೊಲಿಸಿದರು. ಶಾಮಿಯಾನದವನಿಂದ ಬೆಂಚು ತರಿಸಿದರು. ಪ್ರಿನ್ಸಿಪಾಲರ ಕುರ್ಚಿ ಎಂದು ಒಂದಕ್ಕೆ ಬಿಳಿ ಟವೆಲ್ಲು ಹೊದಿಸಿದರು. ಟವೆಲ್ಲಿಲ್ಲದ ಕುರ್ಚಿಗೆ ಅಧಿಕಾರ ಬರುವುದಿಲ್ಲವೆಂಬುದು ಅವರ ದೃಢವಾದ ನಂಬಿಕೆ.

ಅಕ್ಷಯಾ ಬಾಗಿಲಲ್ಲಿ ನಿಂತು ಬೆಂಚುಗಳ ಮೆರವಣಿಗೆ ನೋಡಿದಳು. "ಅಮ್ಮಾರ, ಇದೇನ್ರೀ? ನಮ್ಮ ಸಾಲಿಗೆ ಈ ವೇಷ ಬ್ಯಾಡ್ರಿ. ನಿಮ್ಮ ಮಗಾ ಬರ್ಲಿ, ಹೆಂಗ ಅದ ಹಂಗ ನೋಡ್ಲಿ."

"ಮೇಡಮ್ಮೋರೇ, ನನ್ ಮಗ ಅಂಗೆ ನೋಡೋನಲ್ಲ. ಒಂದಿನದ ಆಟ ಅನ್ಕೊಳ್ಳಿ. ದೊಡ್ ಸ್ಕೂಲ್ ಆಟ. ನಿಮ್ ಕಾಲಿಗ್ ಬೀಳ್ತೀನಿ."

ಅಕ್ಷಯಾಳ ತುಟಿಯಂಚಿನಲ್ಲಿ ಏನೋ ಸುಳಿದು ಮಾಯವಾಯಿತು. "ಆಟ ಅಂದಮ್ಯಾಲೆ ಅದು ಹುಡುಗರದ್ದು. ಯಾರು ಏನಾಗಬೇಕು ಅನ್ನೂದನ್ನ ಅವರ ಕೂತು ಮಾತಾಡ್ತಾರ. ನಡುವ ನಾನೂ ಬಾಯಿ ಹಾಕಂಗಿಲ್ಲ, ನೀವೂ ಹಾಕಬಾರ್ದು. ಒಪ್ಪಿಗೆ ಅದ ಏನು?"

ಗಂಗರತ್ನಮ್ಮ ಹೂಂ ಎಂದರು. ಮಕ್ಕಳಿಗೆ ಕೊಬ್ಬರಿ ಮಿಠಾಯಿ ಹಂಚಿ, ಕೈಕಟ್ಟಿ ಗಪ್‌ಚಿಪ್ಪಾಗಿ ಕೂತಿದ್ದರೆ ಸಾಕೆಂದರು. ಮಕ್ಕಳು ಮಿಠಾಯಿ ತಿಂದು, ತಲೆಯಾಡಿಸಿ, ಅಜ್ಜಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಜಗಳ, ನಗೆ, ಕುರ್ಚಿ ಎಳೆದಾಟ ಕೇಳಿಸಿತು. ಏನೂ ಮಾಡದೆ ಸುಮ್ಮನೆ ಕೂರುವುದು ಈ ಮಕ್ಕಳು ಕಲಿತೇ ಇಲ್ಲದ ವಿದ್ಯೆ ಎಂಬುದು ಗಂಗರತ್ನಮ್ಮನವರಿಗೆ ಆಗಲಾದರೂ ಹೊಳೆಯಬೇಕಿತ್ತು.

ಶುಕ್ರವಾರ ಬಿಳಿ ಷರ್ಟಿನ ಅಶ್ವತ್ಥ್ ತಾಯಿಯ ಜೊತೆ ಬಂದ. ಗೇಟಿನಲ್ಲಿ ವಾಚ್‌ಮನ್ ಮಗ, ಅಪ್ಪನ ಟೋಪಿ ಕಿವಿಯವರೆಗೆ ಇಳಿಸಿಕೊಂಡು, ಅಡ್ಡ ಬಂದ.

"ಅಪಾಯಿಂಟ್‌ಮೆಂಟ್ ಇದ್ಯಾ?"

"ಏಯ್, ನಾನು ವೇದಾ ಅಪ್ಪ ಕಣೋ."

"ಪೇರೆಂಟ್ಸ್ ಒಳಗೆ ಬರಂಗಿಲ್ಲ. ಬಿಸಿಲಲ್ಲಿ ನಿಂತ್ಕೊಳ್ಳಿ. ಮೇಡಂ ಬಿಜಿ."

ಅಶ್ವತ್ಥ್ ನಕ್ಕ, ನಿಂತ. ಗಂಗರತ್ನಮ್ಮ ಹುಡುಗನಿಗೆ ಕಣ್ಣು ಬಿಟ್ಟರು. ಅವನು ಅದಕ್ಕಿಂತ ದೊಡ್ಡದಾಗಿ ಬಿಟ್ಟ. ಸಾಕಷ್ಟು ಬೆವರಿದ ಮೇಲೆ ಒಳಗೆ ಬಿಟ್ಟರು. ಹಾಲಿನಲ್ಲಿ ಬೆಂಚುಗಳ ಮೇಲೆ ಟೈ ಕಟ್ಟಿಕೊಂಡ ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ಕಂಬಗಳ ಹಾಗೆ ಕೂತಿದ್ದರು. ಅಕ್ಷಯಾ ಮೂಲೆಯಲ್ಲಿ ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಅಶ್ವತ್ಥ್ ತೃಪ್ತಿಯಿಂದ ಗದ್ದ ಸವರಿಕೊಂಡ. "ಪರ್ವಾಗಿಲ್ಲಮ್ಮ, ಡಿಸಿಪ್ಲಿನ್ ಇದೆ," ಎಂದ. ಗಂಗರತ್ನಮ್ಮ ಗೆದ್ದೆನೆಂದು ಸೆರಗು ಸರಿಮಾಡಿಕೊಂಡರು.

ಆಗ ಟವೆಲ್ ಕುರ್ಚಿಯಿಂದ ಪ್ರಿನ್ಸಿಪಾಲರು ಎದ್ದರು. ಮೋನಿಕಾಳ ದುಪಟ್ಟಾ ಸೀರೆಯಾಗಿತ್ತು, ಕೈಯಲ್ಲಿ ಸ್ಕೇಲಿತ್ತು. ವೇದಾ.

"ನ್ಯೂ ಗರ್ಲ್, ಸ್ಟ್ಯಾಂಡಪ್! ಲೇಟ್ ಯಾಕೆ?"

ಸಬಾ ಎದ್ದು ನಿಂತು ತಲೆ ತಗ್ಗಿಸಿದಳು. "ಮಿಸ್, ಅಜ್ಜಿ ಜಡೆ ಆಕ್ತಾ ಇದ್ರು. ಅದ್ಕೆ ಇಂಗಾಯ್ತು."

"ಇಂಗಾಯ್ತಂತೆ! ಆಕ್ತಾ ಇದ್ರಂತೆ!" ವೇದಾ ಕ್ಲಾಸಿನ ಕಡೆ ತಿರುಗಿ ಸ್ಕೇಲು ಎತ್ತಿದಳು. "ಕ್ಲಾಸ್, ಲಾಫ್!" ಇಡೀ ಕ್ಲಾಸು ಹಹಹಾ ಎಂದಿತು. ಸ್ಕೇಲು ಇಳಿಯಿತು, ನಗು ನಲ್ಲಿ ನಿಲ್ಲಿಸಿದಂತೆ ನಿಂತಿತು. "ಇದು ಯಾರ ಭಾಷೆ? ನಿಮ್ಮನೇಲಿ ಯಾರು ಹೀಗೆ ಮಾತಾಡೋದು?"

"ಅಜ್ಜಿ, ಮಿಸ್."

"ಅಜ್ಜಿ ಥರ ಮಾತಾಡಿದ್ರೆ ಬೆಂಚ್ ಮೇಲೆ ನಿಲ್ಲಬೇಕು. ಸರಿಯಾಗಿ ಮಾತಾಡೋಕೆ ಬರೋವರೆಗೂ ಬಾಯೇ ಬಿಡಬೇಡ."

ಸಬಾ ಬೆಂಚು ಹತ್ತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮಕ್ಕಳಿಗೆ ಅದು ಬರೀ ಆಟ. ಹಿಂದಿನ ಸಾಲಿನಲ್ಲೊಬ್ಬ ನಗು ತಡೆಯಲಾರದೆ ಟೈ ಕಚ್ಚಿಕೊಂಡಿದ್ದ. ಗಂಗರತ್ನಮ್ಮ ಮಾತ್ರ ಚಾಪೆಯ ಮೇಲೆ ಅಕ್ಷಯಾಳ ಪಕ್ಕ ಕೂತುಬಿಟ್ಟರು. ತಾಯಿತ ಕಟ್ಟಿದ್ದು, ದೃಷ್ಟಿ ತೆಗೆದದ್ದು, ತೊಡೆಯ ಮೇಲೆ ಮಲಗಿಸಿಕೊಂಡು "ಏನಾಯ್ತು ಯೋಳವ್ವ" ಎಂದು ಕೇಳಿದ್ದು, ಎಲ್ಲ ಆ ಮಾತಿನಲ್ಲೇ. ಆ ಮಾತು ತನ್ನ ಬಾಯಿಂದ ಹೊರಟರೆ ಆ ಹಳೇ ಸ್ಕೂಲಿನಲ್ಲಿ ಬೆಂಚು ಹತ್ತಬೇಕಾಗುತ್ತದೆಂದು ಮಗು ಬಾಯಿ ಹೊಲಿದುಕೊಂಡಿತ್ತು. ಅವರಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಎರಡಕ್ಕಿಂತ ಹೆಚ್ಚಾಗಿ ದುಃಖ ಒತ್ತರಿಸಿ ಬಂತು. ಅಕ್ಷಯಾ ಅವರ ಕೈ ಹಿಡಿದುಕೊಂಡಳು.

ಅಶ್ವತ್ಥ್ ಶೂ ಬಿಚ್ಚಿದ. ಸಬಾಳ ಪಕ್ಕಕ್ಕೆ ಹೋಗಿ ಬೆಂಚು ಹತ್ತಿದ. ಶಾಮಿಯಾನದ ಬೆಂಚು ಅವನ ಭಾರಕ್ಕೆ ಕಿರ್ರೆಂದಿತು.

"ಯೂ! ನಿನ್ನನ್ಯಾರು ಹತ್ತು ಅಂದಿದ್ದು?" ಪ್ರಿನ್ಸಿಪಾಲರು ಗದರಿದರು.

"ನಾನೇ ಅತ್ತಿದ್ದು ಮಿಸ್. ನಮ್ಮನೇಲಿ ಎಲ್ರೂ ಇಂಗೇ ಮಾತಾಡೋದು," ಎಂದ ಅಶ್ವತ್ಥ್. ಕಾಲೇಜು ಸೇರಿದ ದಿನ ಬಿಟ್ಟುಬಿಟ್ಟಿದ್ದ ಮಾತು. ನಾಲಿಗೆ ಮೊದಲು ತಡವರಿಸಿತು. "ನಾನೀ ಸ್ಕೂಲ್ಗೆ ಬರಾಕಿಲ್ಲ ಮಿಸ್. ಅಕ್ಷಯಕ್ಕನ ಸ್ಕೂಲ್ಗೇ ಓಗ್ತೀನಿ."

ಪ್ರಿನ್ಸಿಪಾಲರು ಒಂದು ಕ್ಷಣ ಬರೀ ವೇದಾ ಆಗಿ, ಕಣ್ಣರಳಿಸಿ ಅಪ್ಪನನ್ನು ನೋಡಿದರು. ಮತ್ತೆ ಸಾವರಿಸಿಕೊಂಡು ಸ್ಕೇಲಿನಿಂದ ಕುರ್ಚಿ ಕುಟ್ಟಿದರು. "ಟಿಸಿ ಬೇಕಾದ್ರೆ ಪೇರೆಂಟ್ಸ್‌ನ ಕರ್ಕೊಂಡು ಬಾ."

ಅಶ್ವತ್ಥ್ ಬೆಂಚಿನ ಮೇಲಿಂದಲೇ ತಾಯಿಯತ್ತ ಕೈ ತೋರಿಸಿದ. ಗಂಗರತ್ನಮ್ಮ ಕಣ್ಣೊರೆಸಿಕೊಂಡು, ಮಂಡಿ ಹಿಡಿದು ಎದ್ದು, ಟವೆಲ್ ಕುರ್ಚಿಯ ಮುಂದೆ ಹೋಗಿ ನಿಂತರು.

"ಇಷ್ಟು ದೊಡ್ಡ ಸ್ಕೂಲಿಂದ ಹುಡುಗನ್ನ ಯಾಕೆ ಬಿಡಿಸ್ತಿದೀರಾ?"

"ಮನೇಲ್ ಕಲ್ತ ಮಾತ್ನ ಸ್ಕೂಲಲ್ಲೂ ಆಡ್ಲಿ ಅಂತ ಕಣವ್ವಾ."

ವೇದಾ ಗಂಭೀರವಾಗಿ ಯೋಚಿಸಿ, ಮುಷ್ಟಿ ಕಟ್ಟಿ, ಅಪ್ಪನ ಅಂಗೈಗೆ ದಬ್ಬನೆ ಒಂದು ಸೀಲು ಗುದ್ದಿದಳು. ಅದನ್ನು ನೋಡಿದ್ದೇ ತಡ, ನನಗೂ ಟಿಸಿ, ನನಗೂ ಟಿಸಿ ಎಂದು ಬೆಂಚುಗಳೆಲ್ಲ ಖಾಲಿಯಾದವು. ವಾಚ್‌ಮನ್ನನೂ ಗೇಟು ಬಿಟ್ಟು ಓಡಿಬಂದ. ಎಲ್ಲರ ಕೈಗೂ ಗುದ್ದಿ ಮುಗಿಸಿದ ಪ್ರಿನ್ಸಿಪಾಲರು ಕೊನೆಗೆ ತಮ್ಮ ಅಂಗೈಗೆ ತಾವೇ ಗುದ್ದಿಕೊಂಡು, ದುಪಟ್ಟಾ ಎಳೆದು ಬಿಸಾಡಿ, ಅಜ್ಜಿಯ ಸೊಂಟ ತಬ್ಬಿಕೊಂಡು ಹೇಳಿದರು:

"ಅಜ್ಜೀ, ಒಟ್ಟೆ ಅಸೀತೈತೆ."