ಹದಿನೆಂಟು ಸಾವಿರ ಹೆಜ್ಜೆ

ಹಳೆಯದೇ ಇರಲಿ ಅಂದುಬಿಡಲೇ, ಇನ್ನೂ ಓಡುತ್ತಿದೆಯಲ್ಲ ಎಂದು, ಚಾರ್ಜು ಅರ್ಧ ದಿನವೂ ನಿಲ್ಲುವುದಿಲ್ಲ ನಿಜ, ಗಾಜಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಆದರೂ ಹೊತ್ತು ತೋರಿಸುತ್ತದೆ, ವಾಚು ಮಾಡಬೇಕಾದದ್ದು ಅಷ್ಟೇ ತಾನೇ — ಈ ಮಾತನ್ನು ಮಗಳ ಮುಂದೆ ಹೇಗೆ ಇಡಬೇಕೆಂದು ಮೂರು ದಿನದಿಂದ ಬಾಯಲ್ಲೇ ಹೊರಳಿಸಿದೆ, ಈಗ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಪಾದ ನೆಲಕ್ಕೆ ತಾಗದೆ ಕೂತಿದ್ದೇನೆ, ಗಾಜಿನ ಕೆಳಗೆ ಹದಿನಾರು ಹೊಸ ವಾಚುಗಳು, ಹದಿನಾರರಲ್ಲೂ ಒಂದೇ ಹೊತ್ತು, ಯಾವುದಕ್ಕೂ ಇನ್ನೂ ಯಾರ ಕೈಯೂ ಗೊತ್ತಿಲ್ಲ. ಮಗಳು ನಿಂತೇ ಮಾತಾಡುತ್ತಿದ್ದಾಳೆ, ಶಾಲೆಯಲ್ಲಿ ಗಣಿತ ಹೇಳುವವಳು, ಎಲ್ಲಿ ಹೋದರೂ ಬೋರ್ಡಿನ ಮುಂದೆ ನಿಂತ ಹಾಗೆ, ಹಾರ್ಟ್‌ಬೀಟ್ ಸರಿಯಾಗಿ ಹಿಡಿಯೋದು ಯಾವುದು ಅದನ್ನ ತೋರಿಸಿ, ಹಾಡು ಪಾಡು ಎಲ್ಲ ಬೇಡ, ನಮ್ಮಪ್ಪನಿಗೆ ಮೂರು ಸಲ ವಾರ್ನಿಂಗ್ ಬಂದಿತ್ತು. ಹೌದಾ ಸರ್, ಎಂದು ಅಂಗಡಿಯ ಹುಡುಗಿ ನನ್ನ ಎದೆಯ ಕಡೆ ನೋಡುತ್ತಾಳೆ, ಅಲ್ಲೇನೋ ಕಾಣುತ್ತದೆ ಎನ್ನುವ ಹಾಗೆ, ನಾನು ತಲೆಯಾಡಿಸುತ್ತೇನೆ, ಹೌದು ಎಂದೂ ಇಲ್ಲ ಎಂದೂ ತಿಳಿಯಬಹುದಾದ ರೀತಿಯಲ್ಲಿ, ಈ ನಾಲ್ಕು ತಿಂಗಳಲ್ಲಿ ನಾನು ಕಲಿತ ವಿದ್ಯೆ ಇದೊಂದೇ. ಮನೆಯಲ್ಲಿ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿರುತ್ತಾಳೆ, ನನ್ನ ಹೆಂಡತಿ, ಬಲಗೈ ತೊಡೆಯ ಮೇಲೆ ಯಾರೋ ಮರೆತುಹೋದ ವಸ್ತುವಿನ ಹಾಗೆ, ನಾವು ಬರುವತನಕ ಜೊತೆಗಿರಲು ನನ್ನ ತಂಗಿ ಬಂದಿದ್ದಾಳೆ, ಹೆಂಡತಿಯ ಬಾಯಲ್ಲಿ ಈಗ ಉಳಿದಿರುವುದು ಒಂದೇ ಮಾತು, ಬೇಡ, ನೀರು ಕುಡೀತೀಯಾ ಎಂದರೆ ಬೇಡ ಎನ್ನುತ್ತಲೇ ಬಾಯಿ ತೆರೆಯುತ್ತಾಳೆ, ಕಿಟಕಿ ಮುಚ್ಚಲಾ ಎಂದರೆ ಬೇಡ, ತೆರೆಯಲಾ ಎಂದರೂ ಬೇಡ. ಬೆಳಿಗ್ಗೆ ಮಗಳು ಅವಳ ತಲೆ ಬಾಚುತ್ತ, ಅಮ್ಮಾ, ಅಪ್ಪನಿಗೆ ಹೊಸ ವಾಚು ಕೊಡಿಸಲಾ ಎಂದು ಕೇಳಿದಳು, ಬೇಡ ಎಂದಳು ಅವಳು, ನೋಡಪ್ಪ ನಿನಗೆ ಏನೂ ಕೊಡಿಸೋಕೆ ಬಿಡಲ್ಲ ಇವಳು ಎಂದು ಮಗಳು ನಕ್ಕಳು, ತಂಗಿಯೂ ನಕ್ಕಳು, ಹೆಂಡತಿಯ ಎಡಗಣ್ಣು ನನ್ನ ಮಣಿಕಟ್ಟಿನ ಮೇಲಿತ್ತು, ಅಥವಾ ನನಗೆ ಹಾಗೆ ಕಂಡಿತು, ಈಗ ಅವಳು ಎಲ್ಲಿ ನೋಡಿದರೂ ಅಲ್ಲೇ ನೋಡುತ್ತಿದ್ದಾಳೆ ಎನಿಸುತ್ತದೆ.

ಕುರ್ಚಿರಾಯ — ಪ್ರೆಸ್ಸಿನಲ್ಲಿ ನನ್ನ ಹೆಸರು ಅದು, ಔಷಧಿ ಡಬ್ಬಿಯೊಳಗೆ ಮಡಚಿಡುವ ಸಣ್ಣ ಅಕ್ಷರದ ಚೀಟಿಗಳ ಕರಡು ತಿದ್ದುವವನು, ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಊಟಕ್ಕೆ ಏಳುವವನು, ಇಪ್ಪತ್ತೆಂಟು ವರ್ಷ, ತಲೆಸುತ್ತು, ವಾಕರಿಕೆ, ಹೃದಯದ ಬಡಿತದಲ್ಲಿ ಏರುಪೇರು ಕಂಡುಬಂದರೆ ತಕ್ಷಣ ವೈದ್ಯರನ್ನು ಕಾಣಿ, ಈ ಸಾಲನ್ನು ಎಷ್ಟು ಸಾವಿರ ಸಲ ಓದಿದ್ದೇನೋ, ಪ್ರತಿ ಸಲವೂ ಅಲ್ಪವಿರಾಮ ಸರಿಯಿದೆಯೇ ಎಂದು ಮಾತ್ರ ನೋಡಿದ್ದೇನೆ. ಹೊಸ ಮ್ಯಾನೇಜರು ಎಲ್ಲರಿಗೂ ವಾಚು ಹಂಚಿದರು, ಹನ್ನೆರಡು ವಾರದ ನಡಿಗೆ ಸ್ಪರ್ಧೆ, ದಿನಕ್ಕೆ ಹತ್ತು ಸಾವಿರ ಹೆಜ್ಜೆ, ಗೋಡೆಯ ಪರದೆಯ ಮೇಲೆ ಎಲ್ಲರ ಹೆಸರು ಮೇಲಿಂದ ಕೆಳಗೆ, ಮೊದಲ ವಾರ ನಾನು ಕಟ್ಟಕಡೆಯವನು, ಕಾವಲಿನವನಿಗಿಂತ ಕೆಳಗೆ, ಅವನೂ ಕೂತೇ ಇರುತ್ತಾನೆ. ಕುರ್ಚಿರಾಯರೇ, ವಾಚನ್ನ ಕಾಲಿಗೆ ಕಟ್ಟಿ ನೋಡಿ, ಎಂದ ಬೈಂಡಿಂಗಿನವನು. ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡೆ, ಅವಳು ಆಗತಾನೇ ಹೋಟೆಲಿನಿಂದ ಬಂದು ಪಾದ ಒತ್ತಿಕೊಳ್ಳುತ್ತಿದ್ದಳು, ನಾಲ್ಕು ಮಹಡಿಯ ಕೋಣೆಗಳ ಮೇಲ್ವಿಚಾರಕಿ, ಯಾವ ಹಾಸಿಗೆಯ ಮೂಲೆ ಸುಕ್ಕಾಗಿದೆ ಎಂದು ದಿನವಿಡೀ ನಡೆದು ನೋಡುವವಳು, ಇಲ್ಲಿ ಕೊಡಿ ಅದನ್ನ ಎಂದಳು, ಒಂದು ದಿನ ನಾನು ಹಾಕ್ಕೊಂಡು ಹೋಗ್ತೀನಿ, ನಿಮ್ಮ ಬೈಂಡಿಂಗಿನವನ ಬಾಯಿ ಮುಚ್ಚಲಿ. ಹದಿನೆಂಟು ಸಾವಿರ. ಪರದೆಯಲ್ಲಿ ನನ್ನ ಹೆಸರು ಹಾರಿ ಮೇಲೆ ಕೂತಿತು, ಇಬ್ಬರೂ ಅಡುಗೆಮನೆಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಆಮೇಲೆ ಒಂದು ದಿನ ಎರಡಾಯಿತು, ಎರಡು ವಾರವಾಯಿತು, ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದೆ, ಬರಿಗೈ ಕಾಣಬಾರದೆಂದು, ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ನನ್ನ ಫೋನು ಡುರ್ ಎನ್ನುತ್ತಿತ್ತು, ಅವಳ ದಿನವೆಲ್ಲ ನನ್ನ ಹೆಸರಿಗೆ ಇಳಿಯುತ್ತಿತ್ತು. ನಾನು ನಡೀತೀನಿ, ನೀವು ಚಪ್ಪಾಳೆ ತಗೊಳ್ಳಿ, ಮದುವೆ ಅಂದ್ರೆ ಇದೇ ಅಲ್ವಾ, ಎನ್ನುತ್ತಿದ್ದಳು. ಮಗಳಿಗೆ ಹೇಳಲಿಲ್ಲ, ಹೇಳುವುದು ಹೇಗೆ, ಅವಳು ತನ್ನ ತರಗತಿಯಲ್ಲಿ ನನ್ನ ಹೆಜ್ಜೆಗಳ ನಕ್ಷೆ ಬರೆಸಿದ್ದಳು, ಐವತ್ತಾರು ವರ್ಷದ ನಮ್ಮಪ್ಪ ಎಂದು, ನನ್ನ ವಿಷಯದಲ್ಲಿ ಅವಳ ದನಿ ಹಾಗೆ ಎತ್ತರವಾದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಸರ್, ಇದು ನೋಡಿ, ಇದರಲ್ಲಿ ಸೆನ್ಸರ್ ಎರಡು, ತಪ್ಪು ಹೇಳೋದೇ ಇಲ್ಲ, ಎನ್ನುತ್ತಿದ್ದಾಳೆ ಹುಡುಗಿ. ಹಳೆಯದೂ ತಪ್ಪು ಹೇಳಿರಲಿಲ್ಲ ತಾಯಿ. ಏಳನೆಯ ವಾರ, ನನ್ನವಳು ಚಪ್ಪಲಿ ಬಿಟ್ಟಳು, ಫೋನು ಡುರ್ ಎಂದಿತು, ಹೆಜ್ಜೆಯ ಕೆಳಗೆ ಇನ್ನೊಂದು ಸಾಲು, ನಿಮ್ಮ ಹೃದಯದ ಬಡಿತದಲ್ಲಿ ಏರುಪೇರು ಕಂಡುಬಂದಿದೆ, ವೈದ್ಯರನ್ನು ಕಾಣಿ — ನಿಮ್ಮ ಎಂದರೆ ನನ್ನ, ಕೈ ತಾನಾಗಿ ಎದೆಗೆ ಹೋಯಿತು, ಇಷ್ಟೇನಾ ಆಯಸ್ಸು, ಎಷ್ಟು ಹೊತ್ತು, ಎರಡು ಉಸಿರಿನಷ್ಟು, ಆಮೇಲೆ ನೆನಪಾಯಿತು ವಾಚು ನನ್ನ ಕೈಯಲ್ಲಿರಲಿಲ್ಲ, ಆಗ ಒಂದು ನಿರಾಳ, ಮೈಯೆಲ್ಲ ಹಗುರ, ಸದ್ಯ, ನಂದಲ್ಲ. ನಂದಲ್ಲ ಎಂದಮೇಲೆ ಯಾರದ್ದು ಎಂಬ ಪ್ರಶ್ನೆ ಬರಬೇಕಿತ್ತು, ಬಂತು, ಬರಲಿಲ್ಲ ಎಂದು ಸುಳ್ಳು ಹೇಳಲಾರೆ, ಬಾಗಿಲತನಕ ಬಂದು ನಿಂತಿತು, ನಾನು ಒಳಗೆ ಕರೆಯಲಿಲ್ಲ. ಏನದು ಇಷ್ಟು ಹೊತ್ತು ನೋಡ್ತೀರಾ ಎಂದಳು, ಬ್ಯಾಟರಿ ಎಂದೆ. ಎರಡನೆಯದು ಅದೇ ವಾರ, ಮೂರನೆಯದು ಬಂದಾಗ ಫೋನು ಮಗಳ ಕೈಯಲ್ಲಿತ್ತು, ಅವಳು ರಜೆ ಹಾಕಿ ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು, ಮೂವರೂ ಹೋದೆವು, ಹೊರಗಿನ ಬೆಂಚಿನ ಮೇಲೆ ಮಗಳು ಚೀಟಿ ಮಾಡಿಸಲು ಎದ್ದುಹೋದಾಗ ನನ್ನವಳು ಸೆರಗಿನ ಮರೆಯಲ್ಲಿದ್ದ ವಾಚು ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು, ಹಾಕ್ಕೊಳ್ಳಿ, ಡಾಕ್ಟರು ಕೇಳಿದರೆ, ಆಮೇಲೆ ಬಾಯಿಗೆ ಸೆರಗು ಒತ್ತಿ ನಕ್ಕಳು, ಕೆಟ್ಟಿರೋದು ನನ್ನ ಹೃದಯ, ತಂತಿ ಚುಚ್ಚೋದು ನಿಮಗಾ. ಸುಮ್ನಿರು, ಕೇಳಿಸ್ಕೋತಾಳೆ, ಎಂದೆ. ಸೆರಗು ಕೆಳಗಿಳಿಸಿದಳು. ಒಳಗೆ ನನ್ನ ಎದೆಯ ಮೇಲೆ ತಣ್ಣನೆ ಅಂಟು ಹಚ್ಚಿ ತಂತಿ ಇಟ್ಟರು, ಕಾಗದ ಸುರುಳಿಸುರುಳಿಯಾಗಿ ಬಂತು, ಗಂಡು ಕುದುರೆ ಹಾಗಿದೀರಿ ಎಂದ ಡಾಕ್ಟರು, ವಾಚಿಗೇನು ಗೊತ್ತಾಗುತ್ತೆ, ಹಳೇ ಮಾಡೆಲ್ಲು ಇರಬೇಕು, ಹೊಸದು ತಗೊಳ್ಳಿ. ಆಗ ಹೇಳಬಹುದಿತ್ತು, ಸರ್ ಹೊರಗೆ ಬೆಂಚಿನ ಮೇಲೆ ಒಬ್ಬಳು ಕೂತಿದ್ದಾಳೆ ಎಂದು, ಬಾಗಿಲು ಅರ್ಧ ತೆರೆದೇ ಇತ್ತು, ಅವಳ ಮೊಣಕಾಲು ಕಾಣುತ್ತಿತ್ತು, ಮಗಳು ಪಕ್ಕದಲ್ಲಿ ನಿಂತು ಸಮಾಧಾನದ ಉಸಿರು ಬಿಡುತ್ತಿದ್ದಳು. ದಾರಿಯಲ್ಲಿ ಹೆಂಡತಿಯ ಕಿವಿಯಲ್ಲಿ ಹೇಳಿದೆ, ಸ್ಪರ್ಧೆ ಮುಗೀಲಿ, ನಿನ್ನೂ ಒಂದು ಸಲ ತೋರಿಸೋಣ, ಇನ್ನು ನಾಲ್ಕೇ ವಾರ. ಅಯ್ಯೋ ನನಗೇನಾಗಿದೆ ಎಂದಳು, ಮನೆಗೆ ಬಂದು ಕೈ ಚಾಚಿದಳು, ವಾಚಿಗೆ.

ಹತ್ತನೆಯ ವಾರದ ಮಂಗಳವಾರ, ಹೋಟೆಲಿನ ಮೂರನೆಯ ಮಹಡಿ, ಅವಳ ತೋಳಿನ ತುಂಬ ಹೊದಿಕೆಗಳಿದ್ದವಂತೆ, ಹಾಗಾಗಿ ಬಿದ್ದಾಗ ಸದ್ದಾಗಲಿಲ್ಲವಂತೆ. ನಾನು ಆಸ್ಪತ್ರೆಗೆ ಓಡಿದೆ, ನಿಜವಾಗಿ ಓಡಿದೆ, ಆ ಹೆಜ್ಜೆಗಳನ್ನು ಯಾವುದೂ ಎಣಿಸಲಿಲ್ಲ, ನರ್ಸು ಒಂದು ಪ್ಲಾಸ್ಟಿಕ್ ಕವರು ಕೊಟ್ಟಳು, ಒಳಗೆ ಅವಳ ಉಂಗುರ, ಓಲೆ, ವಾಚು, ನಾನು ಕವರು ಬಿಚ್ಚಿದೆ, ಎಲ್ಲರೂ ಉಂಗುರ ಹುಡುಕುತ್ತಿದ್ದಾನೆ ಎಂದುಕೊಂಡಿರಬೇಕು, ವಾಚು ತೆಗೆದು ಕೈಗೆ ಕಟ್ಟಿಕೊಂಡೆ, ಮಗಳು ಇನ್ನೂ ಮೆಟ್ಟಿಲು ಹತ್ತುತ್ತಿದ್ದಳು, ಅವಸರದಲ್ಲಿ ಪಟ್ಟಿಯನ್ನು ಹೆಂಡತಿಯ ತೂತಿಗೇ ಬಿಗಿದುಬಿಟ್ಟಿದ್ದೆ, ಅದು ಇನ್ನೂ ಬೆಚ್ಚಗಿತ್ತು. ಮೊದಲು ಯಾವತ್ತಾದರೂ ಎದೆ ಹೊಡ್ಕೊಳ್ಳೋದು, ಸುಸ್ತು, ಏನಾದರೂ ಇತ್ತಾ ಇವರಿಗೆ ಎಂದು ಡಾಕ್ಟರು ಕೇಳಿದರು, ಇಲ್ಲ ಎಂದೆ, ಮಗಳು ನನ್ನ ತೋಳು ಹಿಡಿದು ಅಳುತ್ತಿದ್ದಳು, ಅಮ್ಮನಿಗೆ ಒಂದು ಸೂಚನೆಯೂ ಬರಲಿಲ್ಲವಲ್ಲಪ್ಪ, ನಿನಗಾದರೂ ಬಂತು, ಎಂದಳು. ಹೃದಯದಿಂದ ಹೊರಟ ರಕ್ತದ ಗಂಟು ಮೆದುಳಿಗೆ ಹೋಗಿತ್ತಂತೆ, ಮೊದಲೇ ಗೊತ್ತಾಗಿದ್ದರೆ ರಕ್ತ ತೆಳುವಾಗಿಸುವ ಒಂದು ಮಾತ್ರೆ ಸಾಕಿತ್ತಂತೆ, ಆ ಮಾತ್ರೆಯ ಚೀಟಿಯನ್ನೂ ನಾನು ತಿದ್ದಿದ್ದೇನೆ, ಎರಡು ಮುದ್ರಣ. ಪ್ರೆಸ್ಸಿನವರು ಕನಿಕರದಿಂದ ನನಗೇ ಮೊದಲ ಸ್ಥಾನ ಕೊಟ್ಟರು, ಬೈಂಡಿಂಗಿನವನು ಮನೆತನಕ ಬಂದು ಪ್ರಶಸ್ತಿಪತ್ರ ಇಟ್ಟುಹೋದ, ಕುರ್ಚಿರಾಯರೇ ಎನ್ನಲಿಲ್ಲ, ಅಣ್ಣಾ ಎಂದ, ಅದು ಹೆಚ್ಚು ನೋವಾಯಿತು.

ಸರ್, ಹಳೇದು ಕೊಟ್ಟುಬಿಡ್ತೀರಾ ಎಕ್ಸ್‌ಚೇಂಜಿಗೆ, ಹುಡುಗಿ ಕೈ ಚಾಚಿದ್ದಾಳೆ, ಬಿಚ್ಚಿಕೊಡುತ್ತೇನೆ, ಪಟ್ಟಿಯನ್ನು ಬೆಳಕಿಗೆ ಹಿಡಿಯುತ್ತಾಳೆ, ಎರಡು ತೂತು ಅಗಲವಾಗಿದೆಯಲ್ಲ ಸರ್, ಇಬ್ಬರು ಹಾಕ್ತಿದ್ರಾ. ಮಗಳು ತಿರುಗಿ ನೋಡುತ್ತಾಳೆ. ಮಧ್ಯೆ ಸ್ವಲ್ಪ ಇಳಿದುಹೋಗಿದ್ದೆ, ಎಂದು ಯಾರೋ ಹೇಳಿದರು, ನಾನೇ. ಊಟ ಬಿಟ್ಟರೆ ಇನ್ನೇನಾಗುತ್ತೆ ಎಂದಳು ಮಗಳು. ಇದರಲ್ಲಿರೋದೆಲ್ಲ ಹೊಸದಕ್ಕೆ ಹಾಕಲಾ ಸರ್, ಇಲ್ಲ ಅಳಿಸಿಬಿಡಲಾ — ಅಳಿಸು ತಾಯಿ, ಅಳಿಸಿಬಿಡು, ನಾಲಿಗೆಯ ತುದಿಯಲ್ಲಿದೆ, ಅಳಿಸಿದರೆ ಆ ಮೂರು ಸಾಲು ಲೋಕದಲ್ಲಿ ಎಲ್ಲೂ ಇರುವುದಿಲ್ಲ, ಆದರೆ ಅವಳ ಹೃದಯ ಬಡಿದದ್ದಕ್ಕೆ, ಕೈಕಾಲು ಸರಿಯಿದ್ದಾಗ ಬಡಿದದ್ದಕ್ಕೆ, ಇರುವ ಗುರುತೂ ಅದೊಂದೇ, ಇಟ್ಟುಕೊಂಡರೆ ಡಾಕ್ಟರು ಅವಳ ಏರುಪೇರನ್ನು ನನ್ನದೆಂದು ಓದುತ್ತಾನೆ, ನಾನು ಸಾಯುವತನಕ ಓದುತ್ತಾನೆ. ಅಳಿಸಬೇಡಿ, ಡಾಕ್ಟರಿಗೆ ತೋರಿಸಬೇಕು, ಎಂದಳು ಮಗಳು, ಮುಗಿಯಿತು. ಹೊಸದನ್ನು ಕಟ್ಟಿದರು, ಬೆರಳಿಡಿ ಸರ್, ಅಲ್ಲಾಡಬೇಡಿ, ಅರ್ಧ ನಿಮಿಷ, ಹಸಿರು ಅಕ್ಷರ, ಎಲ್ಲ ಸಹಜ. ಮಗಳು ಕಣ್ಣು ಮುಚ್ಚಿ ತೆರೆದಳು. ಆಮೇಲೆ ಫೋನಿನ ಮೇಲೆ ಹಳೆಯದೆಲ್ಲ ಇಳಿಯತೊಡಗಿತು, ದಿನಕ್ಕೊಂದು ಕಂಬ, ಹದಿನೆಂಟು ಸಾವಿರ, ಹದಿನೇಳು, ಹತ್ತೊಂಬತ್ತು, ಕಂಬದ ಪಕ್ಕ ಕಂಬ, ಆಮೇಲೆ ಒಂದು ಅರ್ಧ ಕಂಬ, ಮಂಗಳವಾರ, ಆರು ಸಾವಿರದ ನಾನೂರ ಹನ್ನೆರಡು, ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಂತದ್ದು, ಆಮೇಲೆ ನೆಲಕ್ಕಂಟಿದ ಗೆರೆಗಳು, ಒಂಬೈನೂರು, ಏಳುನೂರು, ಇವತ್ತಿನತನಕ. ಮಗಳ ಬೆರಳು ಅರ್ಧ ಕಂಬದ ಮೇಲೆ ನಿಂತಿದೆ. ಗಣಿತದವಳು, ಈಗ ಲೆಕ್ಕ ಹಾಕುತ್ತಾಳೆ, ಪ್ರೆಸ್ಸಿನ ಕುರ್ಚಿಯಲ್ಲಿ ನಾನು ಕೂತಿರುವ ಹೊತ್ತಿಗೆ ಆರು ಸಾವಿರ ಹೆಜ್ಜೆ ಎಲ್ಲಿಂದ ಬಂತು ಎಂದು ಕೇಳುತ್ತಾಳೆ, ಕೇಳು ಮಗಳೇ, ಒಂದೇ ಒಂದು ಸಲ ಕೇಳು, ಕೇಳಿದರೆ ಹೇಳಿಬಿಡುತ್ತೇನೆ — ಅವತ್ತಿಂದ ನೀನು ನಡೆಯೋದೇ ಬಿಟ್ಟುಬಿಟ್ಟೆಯಲ್ಲಪ್ಪ, ಎಂದಳು, ಅಮ್ಮ ಬಿದ್ದಳು ಅಂತ ನೀನೂ ಕೂತುಬಿಟ್ಟೆ. ನನ್ನ ಕೈ ಹಿಡಿದುಕೊಂಡಳು, ಅಂಗಡಿಯ ಹುಡುಗಿ ಮರ್ಯಾದೆಗೆ ಬೇರೆ ಕಡೆ ನೋಡಿದಳು. ಅರ್ಧ ಕಂಬ. ಅದರಾಚೆ ಏನೂ ಇಲ್ಲ. ಅರ್ಧ ಕಂಬ. ಆ ಹೆಜ್ಜೆಗಳು ನಿನ್ನಮ್ಮನವು ಎಂದು ನಾನು ಹೇಳಲಿಲ್ಲ.